ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋಗೋವಾಗ ಸೆಟ್ಟಿಂಗ್ಸ್ ಹೆಂಗೆ ತಗೊಂಡ್ ಹೋಗೋದು?

ಪ್ರಶ್ನೆ:
ನಮಸ್ಕಾರ ಎಲ್ರಿಗೂ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್‌ನಲ್ಲೇ ಮುಗೀತಲ್ಲ, ನನ್ನ ಹಳೇ ಲ್ಯಾಪ್‌ಟಾಪ್‌ಗೆ 11 ಹಾಕೋಕಾಗಲ್ಲ, ಅದಕ್ಕೆ ಉಬುಂಟು ಅನ್ನೋ ಲಿನಕ್ಸ್ ಹಾಕೋಣ ಅಂತಿದೀನಿ. ಫೋಟೋ, ಡಾಕ್ಯುಮೆಂಟ್ ಎಲ್ಲಾ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಆಯ್ತು. ಚಿಂತೆ ಇರೋದು ಫೈರ್‌ಫಾಕ್ಸ್, ಕ್ರೋಮ್‌ನ ಪಾಸ್‌ವರ್ಡ್‌ಗಳದ್ದು, ಆಮೇಲೆ ಥಂಡರ್‌ಬರ್ಡ್‌ನಲ್ಲಿರೋ ಏಳು ವರ್ಷದ ಮೇಲ್‌ದು. ಎಲ್ಲಾ ಒಟ್ಟಿಗೆ ಎತ್ಕೊಂಡು ಹೋಗೋ ಟೂಲ್ ಇದ್ಯಾ?

ಉತ್ತರ 1:
ಎಲ್ಲಾನೂ ಸಾಗಿಸೋ ಒಂದೇ ಟೂಲ್ ಹುಡುಕ್ತಾ ಕೂರ್ಬೇಡಿ, ವಾಲ್‌ಪೇಪರ್ ಟಾಸ್ಕ್‌ಬಾರ್ ಥರದ್ದು ಅಲ್ಲಿ ಹೋಗಿ ಹೊಸದಾಗೇ ಮಾಡ್ಕೊಳ್ಳಿ, ನಿಮಗೆ ಬೇಕಾಗಿರೋದು ಆಯಾ ಸಾಫ್ಟ್‌ವೇರ್‌ನ ಪ್ರೊಫೈಲ್ ಫೋಲ್ಡರ್, ಅಂದ್ರೆ ಅದರ ಸೆಟ್ಟಿಂಗ್ಸ್, ಪಾಸ್‌ವರ್ಡ್, ಮೇಲ್ ಎಲ್ಲಾ ಇರೋ ಫೋಲ್ಡರ್. ಫೈರ್‌ಫಾಕ್ಸ್, ಥಂಡರ್‌ಬರ್ಡ್ ಎರಡೂ ಈ ವಿಷಯದಲ್ಲಿ ತುಂಬಾ ಒಳ್ಳೇವು, ಪ್ರೊಫೈಲ್ ಹಾಗೇ ಲಿನಕ್ಸ್‌ನಲ್ಲೂ ನಡೆಯುತ್ತೆ. ಪ್ರೋಗ್ರಾಂ ಕ್ಲೋಸ್ ಮಾಡಿ ಆಪ್‌ಡೇಟಾ (ವಿಂಡೋಸ್ ಪ್ರೋಗ್ರಾಂಗಳ ಡೇಟಾ ಇಡೋ, ಕಣ್ಣಿಗೆ ಕಾಣದ ಹಾಗೆ ಮರೆಮಾಡಿರೋ ಫೋಲ್ಡರ್) ಒಳಗಿರೋ ಆ ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಉಬುಂಟುನಲ್ಲಿ ಹೊಸ ಪ್ರೊಫೈಲ್ ಮಾಡಿ ಅದರೊಳಗೆ ಪೇಸ್ಟ್ ಮಾಡಿ. ಅಲ್ಲಿರೋ ವರ್ಷನ್ ಇಲ್ಲಿದ್ದಿದ್ದಕ್ಕಿಂತ ಹಳೇದಾಗಿರಬಾರ್ದು, ಹಳೇದಾದ್ರೆ ಆ ಪ್ರೊಫೈಲ್ ತೆರೆಯೋಕೆ ಬಿಡಲ್ಲ. ಎರಡೂ ಕಡೆ ಮೊದ್ಲು ಅಪ್‌ಡೇಟ್ ಮಾಡ್ಕೊಳ್ಳಿ.

ಉತ್ತರ 2:
ಕ್ರೋಮ್‌ಗೆ ಈ ದಾರಿ ಆಗಲ್ಲ! ಅದರ ಪಾಸ್‌ವರ್ಡ್‌ಗಳು ನಿಮ್ಮ ವಿಂಡೋಸ್ ಅಕೌಂಟ್‌ಗೆ ಸೇರಿದ ಕೀಲಿಯಿಂದ ಎನ್‌ಕ್ರಿಪ್ಟ್ ಆಗಿರ್ತವೆ, ಫೋಲ್ಡರ್ ಕಾಪಿ ಮಾಡಿದ್ರೂ ಲಿನಕ್ಸ್‌ನಲ್ಲಿ ಓದೋಕಾಗಲ್ಲ. ಗೂಗಲ್ ಅಕೌಂಟ್‌ನಿಂದ ಸಿಂಕ್ ಆನ್ ಮಾಡಿ, ಇಲ್ಲಾಂದ್ರೆ ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಸಿಎಸ್‌ವಿ (ಸಾದಾ ಪಟ್ಟಿ ಥರದ ಫೈಲ್) ಎಕ್ಸ್‌ಪೋರ್ಟ್ ಮಾಡಿ, ಆದ್ರೆ ಆ ಫೈಲ್‌ನಲ್ಲಿ ಪಾಸ್‌ವರ್ಡ್ ಎಲ್ಲಾ ಎನ್‌ಕ್ರಿಪ್ಟ್ ಆಗದೆ ಹಾಗೇ ಕಾಣುತ್ತೆ, ಯಾರು ತೆಗೆದ್ರೂ ಓದಬಹುದು, ಇಂಪೋರ್ಟ್ ಆದ ತಕ್ಷಣ ಡಿಲೀಟ್ ಮಾಡಿ ದಯವಿಟ್ಟು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಥಂಡರ್‌ಬರ್ಡ್‌ನಲ್ಲೇ ಎಕ್ಸ್‌ಪೋರ್ಟ್ ಅಂತ ಇದ್ಯಲ್ಲ, ಅದು ಸಾಕಾಗಲ್ವಾ? ನಂದು ಹತ್ತಿರ ಹತ್ತಿರ 9 ಜಿಬಿ ಇದೆ, ಮೇಲ್‌ಗಳನ್ನ ಡಿ ಡ್ರೈವ್‌ನಲ್ಲಿ ಇಟ್ಟಿದೀನಿ.

ಉತ್ತರ 1:
ಆ ಎಕ್ಸ್‌ಪೋರ್ಟ್ ಜಿಪ್ ಮಾಡೋದು 2 ಜಿಬಿವರೆಗೆ ಮಾತ್ರ, ನಿಮ್ಮದಕ್ಕೆ ಕೈಯಲ್ಲೇ ಕಾಪಿ ಮಾಡ್ಬೇಕು. ಡಿ ಡ್ರೈವ್ ಅಂತ ಹೇಳಿದ್ದು ಒಳ್ಳೇದಾಯ್ತು, ಅದು ಪ್ರೊಫೈಲ್‌ನ ಹೊರಗೆ ಇರೋದ್ರಿಂದ ಪ್ರೊಫೈಲ್ ಜೊತೆ ಬರಲ್ಲ, ಬೇರೆಯಾಗಿ ಕಾಪಿ ಮಾಡಿ, ಲಿನಕ್ಸ್‌ನಲ್ಲಿ ಡಿ ಅನ್ನೋ ಡ್ರೈವೇ ಇಲ್ಲ, ಹಾಗಾಗಿ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಲೋಕಲ್ ಡೈರೆಕ್ಟರಿಗೆ (ಮೇಲ್ ಇಡೋ ಫೋಲ್ಡರ್) ಹೊಸ ಜಾಗ ತೋರಿಸ್ಬೇಕಾಗುತ್ತೆ. ಇನ್ನೊಂದು ಮಾತು, ಫಾರ್ಮ್ಯಾಟ್ ಮಾಡೋಕೆ ಅವಸರ ಬೇಡ, ಪೆನ್‌ಡ್ರೈವ್‌ನಿಂದ ಉಬುಂಟು ಲೈವ್ ಆಗಿ, ಅಂದ್ರೆ ಇನ್‌ಸ್ಟಾಲ್ ಮಾಡದೇನೇ, ಬೂಟ್ ಮಾಡಿ ಡಿಸ್ಕ್‌ನಲ್ಲಿರೋ ಕಾಪಿ ತೆರೆಯುತ್ತಾ ಅಂತ ಒಂದ್ಸಲ ನೋಡ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಆಯ್ತು, ಮೊದ್ಲು ಲೈವ್‌ನಲ್ಲಿ ಟ್ರೈ ಮಾಡ್ತೀನಿ, ಆಮೇಲೇ ಫಾರ್ಮ್ಯಾಟ್.