‘ಲೀನ್’ಗೆ ಕನ್ನಡದಲ್ಲಿ ಏನನ್ನೋಣ? ‘ಪ್ರಿಸರ್ವ್’, ‘ಪರ್ಫೆಕ್ಟ್’ಗೆ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ. ಇಲ್ಲಿ ಟೈಲ್ಸ್, ಪೇಂಟಿಂಗ್ ಕೆಲಸವನ್ನು ಒಳಗುತ್ತಿಗೆಗೆ ಹಿಡಿಯುವ ನಮ್ಮವರು ಕೆಲವರಿದ್ದಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಪುಟದ ಹಾಳೆ ಬರೆಯುತ್ತಿದ್ದೇನೆ. ಮಾಡಿದ ಕೆಲಸದ ದುಡ್ಡು ಬರದಿದ್ದರೆ, ಕೆಲಸ ನಡೆದ ಆ ಆಸ್ತಿಯ ಮೇಲೇ ಹಕ್ಕು ಹೂಡಬಹುದು ಅನ್ನುತ್ತದೆ ಇಲ್ಲಿನ ಕನ್‌ಸ್ಟ್ರಕ್ಷನ್ ಆಕ್ಟ್. ಅದೇ ಲೀನ್.

ನಮ್ಮೂರಲ್ಲಿ ಲೀನ್ ಅಂದ್ರೆ ಬ್ಯಾಂಕಿನವರು ಎಫ್‌ಡಿ ಮೇಲೆ ಹಾಕುವುದು, ಇಲ್ಲವೇ ಸರ್ಕಾರಿ ನೌಕರರಿಗೆ ಹಳೇ ಹುದ್ದೆಯ ಮೇಲೆ ಉಳಿಯುವ ಹಕ್ಕು. ಎರಡೂ ಇಲ್ಲಿಗೆ ಹೊಂದುವುದಿಲ್ಲ. ಅಡಮಾನ ಅನ್ನೋಣವೆಂದರೆ, ಅದನ್ನು ಮಾಲೀಕರೇ ಒಪ್ಪಿ ಬರೆದುಕೊಡಬೇಕು. ಇಲ್ಲಿ ಮಾಲೀಕರ ಒಪ್ಪಿಗೆ ಯಾರೂ ಕೇಳುವುದಿಲ್ಲ. ನನಗೆ ಹತ್ತಿರ ಅನ್ನಿಸಿದ್ದು ಪಹಣಿಯಲ್ಲಿ ಕೂರುವ ‘ಬೋಜಾ’. ಬೋಜಾ ಇರುವ ಜಮೀನನ್ನು ಕೊಳ್ಳಲು ಜನ ಹಿಂದೇಟು ಹಾಕುತ್ತಾರಲ್ಲ, ಲೀನ್‌ಗೆ ಬಲ ಬರುವುದೂ ಅಲ್ಲಿಂದಲೇ. ಆದರೆ ಈ ಮಾತು ಎಲ್ಲಾ ಕಡೆಯವರಿಗೂ ತಿಳಿಯುತ್ತಾ? ‘ಋಣಭಾರ’ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಎಲ್ಲ ಬಗೆಯ ಸಾಲವೂ ಬಂದುಬಿಡುತ್ತದೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಇನ್ನೆರಡು ಪದ. ಲೀನ್‌ಗೆ ಇಲ್ಲಿ ಎರಡು ಹೆಜ್ಜೆ. ಮೊದಲನೆಯದು ‘ಪ್ರಿಸರ್ವ್’: ಸಾಮಾನ್ಯವಾಗಿ ಆಸ್ತಿಯ ದಾಖಲೆಯಲ್ಲಿ ಲೀನ್ ನೋಂದಾಯಿಸುವುದು. ಒಳಗುತ್ತಿಗೆದಾರರು ಕೊನೆಯ ಸಲ ಕೆಲಸ ಮಾಡಿದ ಅಥವಾ ಸಾಮಾನು ಕೊಟ್ಟ ದಿನದಿಂದ 60 ದಿನ. ಮುಖ್ಯ ಗುತ್ತಿಗೆಯ ಕೆಲಸ ಬಹುಪಾಲು ಮುಗಿಯಿತೆಂಬ ಸರ್ಟಿಫಿಕೇಟ್ ಆ ಕೊನೆಯ ದಿನಕ್ಕೂ ಮುಂಚೆ ಪ್ರಕಟವಾದರೆ, ಅಲ್ಲಿಯವರೆಗಿನ ಕೆಲಸಕ್ಕೆ ಲೆಕ್ಕ ಆ ದಿನದಿಂದಲೇ ಶುರು. ಬಿಲ್ ಕಳಿಸಿದ ದಿನ ಲೆಕ್ಕಕ್ಕಿಲ್ಲ. ಎರಡನೆಯದು ‘ಪರ್ಫೆಕ್ಟ್’: ಕೋರ್ಟಿನಲ್ಲಿ ದಾವೆ ಹೂಡಿ, ಅದರ ಸರ್ಟಿಫಿಕೇಟನ್ನೂ ಅದೇ ಆಸ್ತಿಯ ಮೇಲೆ ನೋಂದಾಯಿಸುವುದು. ಅದಕ್ಕೆ 90 ದಿನ. ಈ 90 ದಿನ ನೀವು ನೋಂದಾಯಿಸಿದ ದಿನದಿಂದಲ್ಲ, ಮೊದಲ ಗಡುವು ಮುಗಿದ ದಿನದಿಂದ. 2018ರ ಜುಲೈ 1ಕ್ಕೆ ಮುಂಚೆ ಎರಡೂ 45 ದಿನವಿದ್ದವು. ಹಳಬರ ಬಾಯಲ್ಲಿ ಇನ್ನೂ ಅದೇ ಲೆಕ್ಕ ಕೇಳುತ್ತದೆ.

ಹಾಳೆಯ ಮೊದಲ ಕರಡಿನಲ್ಲಿ ‘ಸಂರಕ್ಷಿಸು’, ‘ಪರಿಪೂರ್ಣಗೊಳಿಸು’ ಎಂದು ಬರೆದಿದ್ದೆ. ಪರಿಚಯದ ಟೈಲ್ಸ್ ಮೇಸ್ತ್ರಿಯೊಬ್ಬರು ಓದಿ, “ಸಂರಕ್ಷಿಸಿದ ಮೇಲೆ ಇನ್ನೇನಿದೆ, ಸೇಫ್ ಆಯ್ತಲ್ವಾ ಸಾರ್?” ಅಂದರು. ಹಿಂದೆ ಅವರ ಲೀನ್ ಹೋಗಿದ್ದೂ ಹಾಗೇ. ನೋಂದಣಿ ಹೊತ್ತಿಗೆ ಸರಿಯಾಗಿ ಆಗಿತ್ತು, ದಾವೆ ಹೂಡಲಿಲ್ಲ. ಬಾಕಿ ಕೇಳಿ ಕೋರ್ಟಿಗೆ ಹೋಗುವ ಹಕ್ಕು ಉಳಿದಿತ್ತು, ಆಸ್ತಿಯ ಮೇಲಿನ ಹಿಡಿತ ಮಾತ್ರ ತಪ್ಪಿತ್ತು. ಅವರ ಆ ಪ್ರಶ್ನೆ ಕೇಳಿ ನನಗೆ ತುಂಬಾ ಬೇಜಾರಾಯಿತು. ನಾನು ಆರಿಸಿದ ಪದವೂ ಅವರನ್ನು ಅದೇ ತಪ್ಪಿಗೆ ತಳ್ಳುತ್ತಿತ್ತು.

ಈಗ ‘ಹಕ್ಕು ಉಳಿಸಿಕೊಳ್ಳುವುದು’, ‘ಹಕ್ಕು ಗಟ್ಟಿ ಮಾಡಿಕೊಳ್ಳುವುದು’ ಅಂತ ಬದಲಿಸಿದ್ದೇನೆ. ‘ಗಟ್ಟಿ’ ಅಂದಾಗ ಮೊದಲ ಹೆಜ್ಜೆ ಇನ್ನೂ ಹಸಿ ಎಂಬುದು ತಾನಾಗಿ ಹೊಳೆಯುತ್ತದೆ. ‘ಊರ್ಜಿತ’ವೂ ತಲೆಗೆ ಬಂದಿತ್ತು, ಆದರೆ ಅದು ಕೋರ್ಟು ತೀರ್ಪು ಕೊಟ್ಟಂತೆ ಕೇಳಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ‘ಗಡುವು’ ಅಂದರೆ ನಮ್ಮ ಜನಕ್ಕೆ ಮುಂದೂಡಬಹುದಾದದ್ದು, ‘ಗಡುವು ವಿಸ್ತರಣೆ’ ಸುದ್ದಿಯನ್ನು ಪೇಪರಿನಲ್ಲಿ ಓದೀ ಓದೀ ಅಭ್ಯಾಸ. ಈ ಗಡುವನ್ನು ಮಾಲೀಕರ ಮಾತಿನ ಮೇಲೆ ಮುಂದಕ್ಕೆ ಹಾಕಿಕೊಳ್ಳಲು ಬರುವುದಿಲ್ಲ. ‘ವಾಯಿದೆ’ ಅಂದರೂ ಅದೇ ತೊಂದರೆ. ದಾಟಿದರೆ ಹಕ್ಕೇ ಬಿದ್ದುಹೋಗುವ ಇಂಥ ದಿನಕ್ಕೆ ನಿಮ್ಮ ಕಡೆ ಯಾವುದಾದರೂ ಮಾತಿದೆಯೇ? ಗುತ್ತಿಗೆ ಕೆಲಸದವರು, ದಸ್ತು ಬರಹಗಾರರು ಏನನ್ನುತ್ತಾರೆ?