ಸ್ಲೀವ್ ಆಗಿ ಎಂಟು ತಿಂಗಳಾಯಿತು, ಹೋಗಿದ್ದ ಹಸಿವು ಮತ್ತೆ ಬಂದಿದೆ

ಪ್ರಶ್ನೆ: ಗಣಿತ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ, ಇಲ್ಲಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ಜುಲೈನಲ್ಲಿ ಹೈದರಾಬಾದಿಗೆ ಹೋಗಿ, ಹೊಟ್ಟೆಯ ಬಹುಪಾಲನ್ನು ಕತ್ತರಿಸಿ ತೆಗೆದು ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಗ 114 ಕೆ.ಜಿ. ಇದ್ದವಳು ಈಗ 83ಕ್ಕೆ ಬಂದಿದ್ದೇನೆ. ಮೊದಲ ಐದಾರು ತಿಂಗಳು ಹಸಿವೆಂಬುದೇ ಇರಲಿಲ್ಲ. ಊಟದ ಹೊತ್ತಾಯಿತೆಂದು ಗಡಿಯಾರ ನೋಡಿಯೇ ತಿಳಿದುಕೊಳ್ಳಬೇಕಾಗಿತ್ತು, ನಾಲ್ಕು ಚಮಚ ಉಂಡರೆ ಸಾಕೆನಿಸುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅದು ಬದಲಾಗಿದೆ. ಮಧ್ಯಾಹ್ನ ಒಂದು ಗಂಟೆಗೆ ಉಂಡರೂ ಮೂರೂವರೆಯ ಹೊತ್ತಿಗೆ, ಕೊನೆಯ ಪಿರಿಯಡ್‌ನಲ್ಲಿ, ಹೊಟ್ಟೆ ಕಿವುಚಿದಂತಾಗಿ ಮಕ್ಕಳ ಮುಂದೆ ನಿಲ್ಲುವುದೇ ಕಷ್ಟವಾಗುತ್ತದೆ. ಮನೆಗೆ ಬಂದವಳೇ ಚಹಾದ ಜೊತೆ ಡಬ್ಬಿಯಲ್ಲಿರುವ ಚೂಡಾ ತಿನ್ನತೊಡಗುತ್ತೇನೆ, ಎಷ್ಟು ತಿಂದೆನೆಂಬುದು ಡಬ್ಬಿ ಅರ್ಧವಾದಾಗ ಗೊತ್ತಾಗುತ್ತದೆ.

ಉಳಿಸಿದ್ದ ಹೊಟ್ಟೆಯೂ ಹಿಗ್ಗಿಬಿಟ್ಟಿತೇ? ಖರ್ಚು ಮಾಡಿದ ಹಣವೆಲ್ಲ ನೀರಿಗೆ ಹೋಯಿತೇ? ಇನ್ನೊಂದು ಮಾತು. ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ ಓಟ್ಸ್, ಟೋಫು, ಬ್ರೊಕೋಲಿ ಎಂದೆಲ್ಲ ಇದೆ. ನಮ್ಮದು ಸಸ್ಯಾಹಾರಿ ಮನೆ. ಅಡುಗೆ ಅತ್ತೆಯವರ ಕೈಯಲ್ಲಿದೆ, ರೊಟ್ಟಿ, ಬೇಳೆ, ಪಲ್ಯ ಬಿಟ್ಟು ಬೇರೊಂದನ್ನು ಅವರು ಮಾಡುವುದೂ ಇಲ್ಲ, ನಾನು ಕೇಳುವುದೂ ಇಲ್ಲ.

ಉತ್ತರ: ಬೈಪಾಸ್ ಆದವರು, ಬೀದರ್

ಮೇಡಂ ಅವರೆ, ನನಗೆ ಬೈಪಾಸ್ ಆಗಿ ನಾಲ್ಕು ವರ್ಷವಾಯಿತು. ಹೃದಯದ್ದಲ್ಲ, ತೂಕ ಇಳಿಸಲೆಂದು ಹೊಟ್ಟೆಯನ್ನು ಕಿರಿದು ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಬೈಪಾಸ್. ನಿಮಗೆ ಆಗಿರುವುದು ಸ್ಲೀವ್ ಆದ್ದರಿಂದ ನನ್ನದೆಲ್ಲವೂ ನಿಮಗೆ ಹೊಂದಲಾರದು, ಆದರೆ ಹಸಿವು ಮರಳಿ ಬಂದಾಗ ಆಗುವ ಗಾಬರಿ ಇಬ್ಬರದೂ ಒಂದೇ. ನನಗೆ ಹತ್ತನೆಯ ತಿಂಗಳಲ್ಲಿ ಬಂತು. ಹಸಿವೇ ಇಲ್ಲದ ಆ ಮೊದಲ ತಿಂಗಳುಗಳನ್ನು ನಾವು ಶಾಶ್ವತವೆಂದು ತಿಳಿದುಬಿಡುತ್ತೇವೆ. ಅದನ್ನು ಆಪರೇಷನ್‌ಗೆ ಮೊದಲೇ ಬಿಡಿಸಿ ಹೇಳುವವರು ಕಡಿಮೆ, ನನಗಂತೂ ಯಾರೂ ಹೇಳಿರಲಿಲ್ಲ.

ಚಹಾದ ಹೊತ್ತಿನ ಹಸಿವಿಗೆ ನಾನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಈಗ ಯಾರಾದರೂ ಒಂದು ಬಟ್ಟಲು ಬರೀ ಬೇಯಿಸಿದ ಹೆಸರುಕಾಳು ತಂದಿಟ್ಟರೆ ತಿನ್ನುತ್ತೇನೆಯೇ ಎಂದು ಕೇಳಿಕೊಳ್ಳುತ್ತೇನೆ. ತಿನ್ನುತ್ತೇನೆ ಎನಿಸಿದರೆ ಹಸಿವು ಹೊಟ್ಟೆಯದು, ಭಜಿಯೇ ಬೇಕೆನಿಸಿದರೆ ಅದು ನಾಲಗೆಯದು. ಹೊಟ್ಟೆಯದಾದರೆ ಉಣ್ಣಬೇಕು, ತಡೆಹಿಡಿದು ಶೌರ್ಯ ತೋರಿಸಿದರೆ ರಾತ್ರಿ ಅದರ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ.

ಸಿಹಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಬಸವಕಲ್ಯಾಣದಲ್ಲಿ ತಂಗಿಯ ಮಗಳ ಮದುವೆಯಲ್ಲಿ, ಬೀಗರು ಬಿಡಲಿಲ್ಲವೆಂದು ಒಂದು ಹೂರಣದ ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿಕೊಂಡು ತಿಂದೆ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಎದೆ ಡವಗುಟ್ಟಿತು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತು. ಅಡುಗೆಯ ಪೆಂಡಾಲಿನ ಹಿಂದೆ, ಅಕ್ಕಿ ಚೀಲಗಳ ಪಕ್ಕದಲ್ಲಿ ಒಂದು ತಾಸು ಮಲಗಿದ್ದೆ. ಸಿಹಿ ಒಮ್ಮೆಲೇ ಸಣ್ಣ ಕರುಳಿಗೆ ಇಳಿದು, ಕರುಳು ಮೈಯೊಳಗಿನ ನೀರನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಹೀಗಾಗುತ್ತದಂತೆ. ಇದನ್ನು ಡಂಪಿಂಗ್ ಎನ್ನುತ್ತಾರೆ. ಸ್ಲೀವ್ ಆದವರಲ್ಲಿ ಇದು ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ.

ಉತ್ತರ: ಆಹಾರ ತಜ್ಞೆ, ಕಲಬುರಗಿ

ಅಕ್ಕನವರೆ, ಸ್ಲೀವ್‌ನಲ್ಲಿ ಜಠರದ ನೂರಕ್ಕೆ 75ರಿಂದ 80ರಷ್ಟು ಭಾಗವನ್ನು ತೆಗೆಯುತ್ತಾರೆ. ಅದರ ಜೊತೆಗೆ ಮೇಲ್ಭಾಗದ ಗುಮ್ಮಟದಂತಹ ಅಂಶವೂ ಹೋಗುತ್ತದೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು, 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ್ದು, ಹೆಚ್ಚಾಗಿ ತಯಾರಾಗುವುದು ಅಲ್ಲಿಯೇ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಹಸಿವು ಅಡಗಿರುತ್ತದೆ. ಆದರೆ ಹಸಿವಿಗೆ ಗ್ರೆಲಿನ್ ಒಂದೇ ಕಾರಣವಲ್ಲ. ಮೂವತ್ತು ಕಿಲೋ ಕಳೆದುಕೊಂಡ ದೇಹ ಅದನ್ನು ನಷ್ಟವೆಂದೇ ಎಣಿಸುತ್ತದೆ, ಮರಳಿ ಕೇಳುತ್ತದೆ. ಉಳಿದ ಹೊಟ್ಟೆಯೂ ಅಷ್ಟಿಷ್ಟು ಸಡಿಲವಾಗುತ್ತದೆ, ಅದು ನಿರೀಕ್ಷಿತವೇ. ನಿಮ್ಮ ಹಣ ನೀರಿಗೆ ಹೋಗಿಲ್ಲ.

ಒಂದು ಗಂಟೆಗೆ ಏನನ್ನು, ಹೇಗೆ, ಎಷ್ಟು ಹೊತ್ತಿನಲ್ಲಿ ಉಣ್ಣುತ್ತೀರಿ ಎಂಬುದನ್ನು ಬಿಡಿಸಿ ಬರೆಯಿರಿ. ನನ್ನ ಅನುಮಾನ ಅಲ್ಲಿಯೇ ಇದೆ.

ಗಣಿತ ಶಿಕ್ಷಕಿ, ಕಲಬುರಗಿ

ಒಂದೂವರೆ ಜೋಳದ ರೊಟ್ಟಿ. ಮೊದಲ ತಿಂಗಳುಗಳಲ್ಲಿ ಗಂಟಲಿಗೆ ಸಿಕ್ಕಿಕೊಂಡಂತಾಗುತ್ತಿದ್ದುದರಿಂದ ತೆಳ್ಳನೆಯ ಬೇಳೆಯಲ್ಲಿ ಮುರಿದು ನೆನೆಸಿ ಉಣ್ಣುವ ಅಭ್ಯಾಸವಾಯಿತು, ಈಗಲೂ ಹಾಗೆಯೇ ಡಬ್ಬಿಯಲ್ಲಿ ನೆನೆಸಿಕೊಂಡು ಒಯ್ಯುತ್ತೇನೆ. ಮೇಲೆ ಒಂದು ಲೋಟ ಮಜ್ಜಿಗೆ. ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಏಕೆಂದರೆ ಬಿಸಿಯೂಟದ ಮೇಲ್ವಿಚಾರಣೆ ನನ್ನದೇ. ಬೆಳಿಗ್ಗೆ ಚಹಾ ಮತ್ತು ಅರ್ಧ ಬಟ್ಟಲು ಉಪ್ಪಿಟ್ಟು.

ಆಹಾರ ತಜ್ಞೆ, ಕಲಬುರಗಿ

ಅನುಮಾನ ನಿಜವಾಯಿತು. ನೆನೆದು ಮೆತ್ತಗಾದ ರೊಟ್ಟಿ, ಅದರ ಮೇಲೆ ಮಜ್ಜಿಗೆ. ಇವೆರಡೂ ಸೇರಿ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ, ಜಾರಿ ಇಳಿದುಬಿಡುತ್ತವೆ. ಶಸ್ತ್ರಚಿಕಿತ್ಸೆ ಮಾಡಿದ ಹೊಟ್ಟೆಯು ನಿಮ್ಮ ಪರವಾಗಿ ಕೆಲಸ ಮಾಡುವುದು ಅದರಲ್ಲಿ ಗಟ್ಟಿ ಆಹಾರ ಕೂತಿರುವಾಗ ಮಾತ್ರ. ಮೊದಲ ಎಂಟು ವಾರ ಗಂಜಿ, ನುಣ್ಣನೆಯ ಬೇಳೆ ಎಂದು ಹೇಳುವುದು ಹೊಲಿಗೆ ಮಾಯುವುದಕ್ಕಾಗಿ. ಎಂಟನೆಯ ತಿಂಗಳಲ್ಲೂ ಅದನ್ನೇ ಮುಂದುವರಿಸಿದರೆ ಮೂರೂವರೆಗೆ ಹಸಿವಾಗದೆ ಇನ್ನೇನಾದೀತು? ಚೂಡಾ, ಸುಸಲಾ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಇವೂ ಇದೇ ಜಾತಿಯವು, ಬಾಯಲ್ಲೇ ಕರಗುತ್ತವೆ, ಎಷ್ಟು ತಿಂದರೂ ಜಾಗ ಖಾಲಿಯೇ.

ದಿನಕ್ಕೆ ನಿಮಗೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ನೀವು ಬರೆದ ಮಧ್ಯಾಹ್ನದ ಊಟದಲ್ಲಿ ಹೆಚ್ಚೆಂದರೆ ಹತ್ತು ಹನ್ನೆರಡು ಗ್ರಾಂ ಇದ್ದೀತು. ಟೋಫುವನ್ನು ಬಿಡಿ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ತೊಗರಿ ನಮ್ಮ ಜಿಲ್ಲೆಯದು, ಅದನ್ನು ನೀರು ಮಾಡಿ ಕುಡಿಯುವುದೇಕೆ? ಅತ್ತೆಯವರು ಒಗ್ಗರಣೆಗೆ ಮೊದಲು ಬೆಂದ ಬೇಳೆಯಲ್ಲಿ ಒಂದು ಬಟ್ಟಲನ್ನು ಗಟ್ಟಿಯಾಗಿಯೇ ತೆಗೆದಿಟ್ಟರೆ ಸಾಕು, ಬೇರೆ ಅಡುಗೆ ಬೇಕಿಲ್ಲ. ಮುದ್ದಿ ಪಲ್ಯ, ಝುಣಕ, ಮಡಕಿ ಕಾಳಿನ ಉಸಳಿ ಇವೆಲ್ಲ ನಿಮ್ಮ ಮನೆಯಲ್ಲಿ ಆಗುವವೇ. ಮೊದಲು ಅವನ್ನು ಚಮಚದಲ್ಲಿ ತಿನ್ನಿ, ನಂತರ ಸ್ವಲ್ಪ ಪಲ್ಯ, ಕೊನೆಗೆ ಜಾಗ ಉಳಿದರೆ ಅರ್ಧ ರೊಟ್ಟಿ. ಕಡಕ್ ರೊಟ್ಟಿಯಾದರೆ ಇನ್ನೂ ಒಳ್ಳೆಯದು, ಅಗಿಯದೆ ನುಂಗಲು ಅದು ಬಿಡುವುದಿಲ್ಲ. ಶೇಂಗಾ ಹಿಂಡಿ ಒಂದು ಚಮಚಕ್ಕೆ ನಿಲ್ಲಲಿ, ಅದರಲ್ಲಿ ಪ್ರೋಟೀನಿಗಿಂತ ಎಣ್ಣೆ ಹೆಚ್ಚು. ಊಟಕ್ಕೆ ಇಪ್ಪತ್ತು ನಿಮಿಷ ಬೇಕೇ ಬೇಕು, ಮೇಲ್ವಿಚಾರಣೆಯನ್ನು ಸಹೋದ್ಯೋಗಿಯೊಬ್ಬರೊಂದಿಗೆ ಅದಲು ಬದಲು ಮಾಡಿಕೊಳ್ಳಿ. ನೀರು, ಮಜ್ಜಿಗೆ ಯಾವುದಾದರೂ ಊಟವಾಗಿ ಅರ್ಧ ಗಂಟೆಯ ಮೇಲೆ. ಆದರೆ ನಮ್ಮ ಬಿಸಿಲಿನಲ್ಲಿ ಉಳಿದ ಹೊತ್ತೆಲ್ಲ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು; ಬಾಯಾರಿಕೆಯೂ ಹಸಿವಿನ ವೇಷದಲ್ಲಿ ಬರುತ್ತದೆ. ಮೂರು ಗಂಟೆಗೆ ಐವತ್ತು ಗ್ರಾಂ ಪನೀರನ್ನೋ ಬೇಯಿಸಿದ ಕಡಲೆಯನ್ನೋ ಹಸಿವಾಗುವ ಮೊದಲೇ ತಿಂದುಬಿಡಿ.

ಕಿವುಚುವುದರ ಜೊತೆಗೆ ಎದೆಯ ಕೆಳಗೆ ಉರಿ ಇದ್ದರೆ ಅದು ಹಸಿವಲ್ಲ, ಆಮ್ಲ. ಸ್ಲೀವ್ ಆದವರಲ್ಲಿ ಇದು ಸಾಮಾನ್ಯ, ಸರ್ಜನ್ನರಿಗೆ ತಿಳಿಸಿ. ಕೈ ನಡುಗಿ ಬೆವರುತ್ತಿದ್ದರೆ ಆ ಕ್ಷಣದಲ್ಲೇ ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ನೋಡಿಕೊಳ್ಳಿ.

ಉತ್ತರ: ಯಾದಗಿರಿಯಿಂದ

ನನ್ನ ಹೆಂಡತಿಗೆ ಸ್ಲೀವ್ ಆಗಿ ಮೂರು ವರ್ಷ. ಮೇಲೆ ಬರೆದವರು ಮಾತ್ರೆಗಳ ವಿಷಯ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ತೂಕ ಇಳಿದು ಆರಾಮವಾಗಿದ್ದೇನೆಂದು ಆಕೆ ಒಂದು ವರ್ಷದ ಮೇಲೆ ಎಲ್ಲ ಮಾತ್ರೆಗಳನ್ನೂ ಬಿಟ್ಟಳು. ಕೂದಲು ಉದುರಿತು, ಅದನ್ನು ನೀರಿನ ದೋಷವೆಂದುಕೊಂಡೆವು. ಆಮೇಲೆ ಅಂಗಾಲಿನಲ್ಲಿ ಇರುವೆ ಹರಿದಂತಾಗತೊಡಗಿತು, ಪರೀಕ್ಷಿಸಿದಾಗ ಬಿ12 ತೀರಾ ಇಳಿದಿತ್ತು. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ತಾಸಾದರೂ ಅಂತರವಿರಬೇಕೆಂಬುದೂ ಆಗಲೇ ಗೊತ್ತಾಯಿತು, ಇಲ್ಲದಿದ್ದರೆ ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಶ್ರಾವಣ ಸೋಮವಾರದ ಉಪವಾಸದಲ್ಲಿ ಈಗ ಸಾಬುದಾಣಿಯ ಬದಲು ಹಾಲು, ಮೊಸರು, ಪನೀರು ತೆಗೆದುಕೊಳ್ಳುತ್ತಾಳೆ. ಸಾಬುದಾಣಿಯಲ್ಲಿ ಬರೀ ಪಿಷ್ಟ.

ಗಣಿತ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಹತ್ತು ದಿನವಾಯಿತು. ಗಟ್ಟಿ ಬೇಳೆ ತೆಗೆದಿಡಿ ಎಂದಾಗ ಅತ್ತೆಯವರು, "ಇಷ್ಟೇ ಆಗಿದ್ದರ ಮೊದಲೇ ಹೇಳಬಾರದೇನು" ಎಂದರು. ಆರು ದಿನ ಕೊನೆಯ ಪಿರಿಯಡ್ ಸಲೀಸಾಗಿ ಕಳೆಯಿತು, ಎರಡು ದಿನ ಭಾನುವಾರದ ಬಿಡುವು, ಉಳಿದೆರಡು ದಿನ ಚೂಡಾದ ಡಬ್ಬಿ ಗೆದ್ದಿತು. ಉರಿ ಇಲ್ಲ, ನಡುಕವೂ ಇಲ್ಲ. ಬಿ12, ಕಬ್ಬಿಣ, ಡಿ ಜೀವಸತ್ವಗಳ ಪರೀಕ್ಷೆಗೆ ಶನಿವಾರ ರಕ್ತ ಕೊಡಲಿದ್ದೇನೆ. ಶರಣಬಸವೇಶ್ವರರ ಜಾತ್ರೆಯಲ್ಲಿ ಮಿರ್ಚಿ ಭಜಿಯ ಗಾಡಿಗಳ ಮುಂದೆ ನಡೆಯುವಾಗ ಬೀದರಿನ ಸರ್ ಹೇಳಿದ ಹೆಸರುಕಾಳಿನ ಪರೀಕ್ಷೆಯನ್ನು ಮಾಡಿ ನೋಡಿದೆ. ಹಸಿವು ನಾಲಗೆಯದೇ ಆಗಿತ್ತು. ಅರ್ಧ ಭಜಿ ತಿಂದು, ಉಳಿದರ್ಧವನ್ನು ಮಗನಿಗೆ ಕೊಟ್ಟೆ.