ಅಜ್ಜನ ಚದುರಂಗದಲ್ಲಿ ಒಂದು ಒಂಟೆ ಕಳೆದಿದೆ. ಹೊಸದು ಒಂಟೆಯೇ ಆಗಬೇಕಾ, ಆನೆಯಾ?

ಶಹಾಪುರದವಳು, ಬೆಳಗಾವಿ

ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ಚದುರಂಗ ಸಿಕ್ಕಿತು. ಅಜ್ಜಿಯ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಇಟ್ಟಿದ್ದರು. ಕಟ್ಟಿಗೆಯ ಕಾಯಿಗಳು, ಅರ್ಧ ಕೆಂಪು, ಅರ್ಧ ಹಸಿರು. ಎಣಿಸಿದರೆ 31. ಹಸಿರು ಒಂಟೆ ಒಂದು ಇಲ್ಲ. ಉಳಿದ ಮೂರು ಒಂಟೆಗಳ ಕುತ್ತಿಗೆಯ ಬಣ್ಣ ಹೋಗಿ ನುಣುಪಾಗಿದೆ. ಅಜ್ಜ ಎರಡು ಬೆರಳಲ್ಲಿ ಕುತ್ತಿಗೆ ಹಿಡಿದೇ ಕಾಯಿ ಎತ್ತುತ್ತಿದ್ದರು. ಅದನ್ನು ನೋಡಿ ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ.

ಹಾಸು ದಪ್ಪ ಬಟ್ಟೆಯದು. 64 ಮನೆಗಳನ್ನು ದಾರದಲ್ಲಿ ಹೊಲಿದಿದ್ದಾರೆ. ಕಪ್ಪು-ಬಿಳಿ ಅಂತ ಇಲ್ಲ, ಬರೀ ಗೆರೆ. ಕೆಲವು ಮನೆಗಳಲ್ಲಿ ಮಾತ್ರ ಮೂಲೆಯಿಂದ ಮೂಲೆಗೆ ಎರಡು ಹೊಲಿಗೆ ಹಾಯ್ದಿವೆ.

ಅಣ್ಣನ ಮಗ ಒಂಬತ್ತನೇ ತರಗತಿ, ಚೆನ್ನಾಗಿ ಆಡುತ್ತಾನೆ. ಮೊದಲು "ಅತ್ತಿ, ಅದು ಒಂಟೆ ಅಲ್ಲ, ಬಿಷಪ್" ಅಂದ. ಮರುದಿನ ಎಲ್ಲೋ ಓದಿ ಬಂದು, ಆ ಜಾಗದಲ್ಲಿ ಮೊದಲು ಆನೆ ಇತ್ತಂತೆ ಅಂದ. ನಮ್ಮಲ್ಲಿ ಆನೆ ಮೂಲೆಯಲ್ಲಿದೆ ಅಲ್ವಾ? ಕಳೆದ ಕಾಯಿಯನ್ನು ಮಾಡಿಸಬೇಕು. ಏನು ಮಾಡಿಸಲಿ? ಮತ್ತೆ ಆ ಅಡ್ಡ ಹೊಲಿಗೆ ಯಾಕೆ?

ವಿಜಯಪುರದ ಮಾಸ್ತರ

ಹುಡುಗ ಸರಿಯಾಗೇ ಓದಿದ್ದಾನೆ ತಂಗಿ. ಚತುರಂಗ ಅಂದರೆ ಸೈನ್ಯದ ನಾಲ್ಕು ಅಂಗ: ಆನೆ, ಕುದುರೆ, ರಥ, ಕಾಲಾಳು. ಈಗ ನಿಮ್ಮ ಕಾಯಿಗಳಲ್ಲಿ ರಥ ಹುಡುಕಿ. ಸಿಗುವುದಿಲ್ಲ! ಆಟ ಪರ್ಷಿಯಾಕ್ಕೆ ಹೋದಾಗ ಮೂಲೆಯಲ್ಲಿದ್ದ ರಥ 'ರುಖ್' ಆಯಿತು. ಇಂಗ್ಲಿಷಿನ ರೂಕ್ ಅಲ್ಲಿಂದಲೇ ಬಂದದ್ದು. ರಾಜ-ಮಂತ್ರಿಯರ ಪಕ್ಕ ನಿಂತಿದ್ದ ಆನೆಗೆ ಅರಬ್ಬರು 'ಅಲ್-ಫೀಲ್' ಅಂದರು. ಸ್ಪೇನಿನವರು ಇವತ್ತಿಗೂ ಬಿಷಪ್‌ಗೆ 'ಅಲ್ಫಿಲ್' ಅನ್ನುತ್ತಾರೆ. ರಷ್ಯನ್ನರು 'ಸ್ಲೋನ್' ಅನ್ನುತ್ತಾರೆ, ಅಂದರೆ ಆನೆಯೇ. ಬಂಗಾಳದಲ್ಲಿ ಆ ಜಾಗದಲ್ಲಿ ಈಗಲೂ ಗಜ ಇದೆ, ಮೂಲೆಯಲ್ಲಿ ನೌಕೆ. ನಮ್ಮ ಕಡೆ ಆನೆ ಮೂಲೆಗೆ ಸರಿಯಿತು, ಬಿಟ್ಟ ಜಾಗಕ್ಕೆ ಒಂಟೆ ಬಂತು.

ಆ ಹಳೇ ಆನೆಯ ನಡೆಯನ್ನು ಹುಡುಗನಿಗೆ ತೋರಿಸಿ. ಅದು ಓರೆಯಾಗಿ ಎರಡನೇ ಮನೆಗೆ ಹಾರುತ್ತಿತ್ತು, ನಡುವಿನ ಕಾಯಿ ದಾಟಿ. ಹಾಗೆ ಹಾರಿಸುತ್ತಾ ಹೋಗಲಿ. 64ರಲ್ಲಿ ಬರೀ 8 ಮನೆ ಮುಟ್ಟುತ್ತದೆ! ಮಂತ್ರಿಗೂ ಓರೆಯಾಗಿ ಒಂದೇ ಹೆಜ್ಜೆ ಇತ್ತು. ಇಬ್ಬರಿಗೂ ಈಗಿನ ಉದ್ದ ಓಟ ಸಿಕ್ಕಿದ್ದು 15ನೇ ಶತಮಾನದ ಕೊನೆಗೆ, ಯುರೋಪಿನಲ್ಲಿ.

ಹೊಲಿಗೆಯ ಗುರುತು ಅಷ್ಟಾಪದದ್ದು. ಚದುರಂಗಕ್ಕೂ ಮುಂಚೆ ಅದೇ 8x8 ಮನೆಗಳಲ್ಲಿ ದಾಳ ಹಾಕಿ ಆಡುವ ಆಟ ಇತ್ತು, ಆ ಗುರುತು ಅದರ ಕಾಲದಿಂದ ಉಳಿದದ್ದು. ಚದುರಂಗದಲ್ಲಿ ಅದಕ್ಕೆ ಕೆಲಸವಿಲ್ಲ, ಆದರೂ ಹಾಸು ಹೊಲಿಯುವವರು ಬಿಡಲಿಲ್ಲ. ಕಪ್ಪು-ಬಿಳಿ ಮನೆ ಯುರೋಪಿನವರ ರೂಢಿ. ದಯವಿಟ್ಟು ಆ ಹಾಸನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ.

ಇನ್ನೊಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಚದುರಂಗದ ವಿವರ ಇದೆ. ನಮ್ಮ ಈ ನೆಲ ಆಳಿದ ರಾಜ ಅವನು. ಈ ಆಟ ನಮಗೆ ಹೊರಗಿನದಲ್ಲ ಅಂತ ಹುಡುಗನಿಗೆ ಗೊತ್ತಿರಲಿ.

ವಡಗಾಂವಿಯ ಆಟಗಾರ

ಅಕ್ಕಾ, ನಿಮ್ಮ ಶಹಾಪುರ ಮೊದಲು ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಸಾಂಗ್ಲಿ ಅಂದರೆ ಬುದ್ಧಿಬಳದ ಊರು, ಮರಾಠಿಯಲ್ಲಿ ಚದುರಂಗಕ್ಕೆ ಹಾಗೇ ಅನ್ನುತ್ತಾರೆ. ಭಾವೂಸಾಹೇಬ ಪಡಸಲಗೀಕರರು ಅಲ್ಲಿ ನೂತನ ಬುದ್ಧಿಬಳ ಮಂಡಳ ಕಟ್ಟಿದವರು. ನಾನು ಸಣ್ಣವನಿದ್ದಾಗ ಪಂದ್ಯ ಅಂದರೆ ಬಸ್ ಹತ್ತಿ ಅಲ್ಲಿಗೇ ಹೋಗುವುದು.

ನಿಮ್ಮ ಅಜ್ಜ ಯಾವ ನಿಯಮದಲ್ಲಿ ಆಡುತ್ತಿದ್ದರು? ಪ್ಯಾದೆಯನ್ನು, ಅಂದರೆ ಕಾಲಾಳನ್ನು, ಮೊದಲ ಸಲವೂ ಒಂದೇ ಮನೆ ನಡೆಸುತ್ತಿದ್ದರಾ? ರಾಜ ಒಂದು ಸಲ ಕುದುರೆಯ ಹಾಗೆ ಜಿಗಿಯುತ್ತಿದ್ದನಾ? ಅದು ನಮ್ಮ ದೇಶಿ ಆಟ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅದನ್ನೇ ಆಡಿ ಬೆಳೆದವರು. ಯುರೋಪಿನ ನಿಯಮ ಆಮೇಲೆ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅವರ ಆಟ ನೋಡಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಗೋಕಾಕದಿಂದ

ಇತಿಹಾಸ ನನಗೆ ಅಷ್ಟು ತಿಳಿಯದು. ಕಾಯಿ ಮಾಡಿಸಲು ನಮ್ಮೂರಿಗೆ ಬನ್ನಿ. ಕಟ್ಟಿಗೆಯ ಹಣ್ಣು, ಗೊಂಬೆ ಮಾಡುವವರು ಇಲ್ಲಿದ್ದಾರೆ. ಬಾಳೆಹಣ್ಣು ಮಾಡಿದರೆ ಸುಲಿಯಬೇಕು ಅನ್ನಿಸುತ್ತದೆ. ಉಳಿದ ಹಸಿರು ಒಂಟೆಯನ್ನು ಜೊತೆಗೆ ತನ್ನಿ. ಫೋಟೋ ಸಾಲದು, ಕೈಯಲ್ಲಿ ಹಿಡಿದು ನೋಡಬೇಕು. ಇಲ್ಲಿಯ ಗೊಂಬೆಯ ಕಟ್ಟಿಗೆ ಹಗುರ, ಹಾಗಾಗಿ ತಳದಲ್ಲಿ ಸ್ವಲ್ಪ ಸೀಸ ತುಂಬಲು ಹೇಳಿ. ಇಲ್ಲದಿದ್ದರೆ ಫ್ಯಾನ್ ಗಾಳಿಗೇ ಬೀಳುತ್ತದೆ.

ಶಹಾಪುರದವಳು, ಬೆಳಗಾವಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಹೌದು ತಮ್ಮಾ, ಅಜ್ಜನ ಪ್ಯಾದೆ ಒಂದೇ ಮನೆ ನಡೆಯುತ್ತಿತ್ತು. ನಾನು ಎರಡು ಮನೆ ಸರಿಸಿದರೆ "ಅವಸರ ಯಾಕವ್ವಾ?" ಅಂತ ಹಿಂದೆ ಇಡುತ್ತಿದ್ದರು. ನನಗೆ ಆಟ ಬರುವುದಿಲ್ಲ ಅಂತಲೇ ಇಷ್ಟು ವರ್ಷ ತಿಳಿದಿದ್ದೆ.

ನಿನ್ನೆ ರಾತ್ರಿ ಮಾಸ್ತರ ಹೇಳಿದ ಹಾಗೆ ಆನೆ ಹಾರಿಸಿ ನೋಡಿದೆವು. ಹುಡುಗ ಮುಟ್ಟಿದ ಮನೆಗೊಂದು ಶೇಂಗಾ ಇಟ್ಟ. ಎಂಟೇ ಶೇಂಗಾ. "ಪಾಪ ಆನೆ" ಅಂದ.

ಒಂಟೆಯನ್ನೇ ಮಾಡಿಸುತ್ತೇವೆ. ಅಜ್ಜ ಆಡಿದ್ದು ಒಂಟೆಯಿಂದ. ಭಾನುವಾರ ಗೋಕಾಕಕ್ಕೆ ಹೊರಟಿದ್ದೇವೆ, ಹಸಿರು ಒಂಟೆಯನ್ನು ಅದೇ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟಾಗಿದೆ.